ಇಂಗ್ಲಿಷ್ ವಾಕ್ಯದಲ್ಲಿ ಜಾಗ ಬದಲಿಸುವುದು ಯಾರು, ಕದಲದೆ ಕೂರುವುದು ಯಾರು?

ಇಂಗ್ಲಿಷ್ ಕಲಿಯುವವರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. "ಡಿಡ್ ಯು ಗೋ" ಸರಿ, "ಡಿಡ್ ಯು ವೆಂಟ್" ತಪ್ಪು, ಯಾಕೆ? "ವೇರ್ ಈಸ್ ಹೀ" ಸರಿ ಅಂದಮೇಲೆ "ಐ ಡೋಂಟ್ ನೋ ವೇರ್ ಈಸ್ ಹೀ" ಹೇಗೆ ತಪ್ಪಾಗುತ್ತದೆ? "ಹೂ ಕೇಮ್" ಅನ್ನುವಾಗ ಡಿಡ್ ಎಲ್ಲಿ ಹೋಯಿತು?

ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಇಂಗ್ಲಿಷ್‌ನಲ್ಲಿ ಮುಖ್ಯ ಕ್ರಿಯಾಪದ ಕೂತ ಜಾಗ ಬಿಟ್ಟು ಏಳುವುದಿಲ್ಲ. ಓಡಾಡುವುದು ಸಹಾಯಕ ಕ್ರಿಯಾಪದ. ಅದರಲ್ಲೂ ಸಾಲಿನ ಮೊದಲನೆಯದು ಮಾತ್ರ. ಸಹಾಯಕವೇ ಇಲ್ಲದಿದ್ದರೆ ಡು ಅನ್ನುವ ಆಳು ಹೊರಗಿನಿಂದ ಬರುತ್ತದೆ. ಇಷ್ಟು ಗೊತ್ತಾದರೆ ಪಟ್ಟಿ ಪಟ್ಟಿ ನಿಯಮ ಉರು ಹೊಡೆಯುವ ಕೆಲಸ ಇರುವುದಿಲ್ಲ.

ಶುರು ಮಾಡುವ ಮುನ್ನ ನಾಲ್ಕು ಪದ ಗೊತ್ತಿರಲಿ.

ಕರ್ತೃ: ವಾಕ್ಯ ಯಾರ ಬಗ್ಗೆ ಹೇಳುತ್ತಿದೆಯೋ ಅದು. ಒಂದೇ ಪದ ಇರಬಹುದು, ಹತ್ತು ಪದದ ಗುಂಪೂ ಇರಬಹುದು.

ಮುಖ್ಯ ಕ್ರಿಯಾಪದ: ರೀಡ್, ಗೋ, ಸಿಂಗ್ ತರಹದ, ಅಸಲಿ ಕೆಲಸವನ್ನು ಹೇಳುವ ಪದ.

ಸಹಾಯಕ: ಶಾಲೆಯಲ್ಲಿ ಹೆಲ್ಪಿಂಗ್ ವರ್ಬ್ ಅಂತ ಕಲಿತಿದ್ದೀರಲ್ಲ, ಅದೇ. ಬೀ ಮನೆತನ (ಆಮ್, ಈಸ್, ಆರ್, ವಾಸ್, ವರ್), ಹ್ಯಾವ್ ಮನೆತನ, ಡು ಮನೆತನ, ಜೊತೆಗೆ ಮೋಡಲ್ ಅನ್ನುವ ಒಂಬತ್ತು ಪದ: ವಿಲ್, ವುಡ್, ಶಲ್, ಶುಡ್, ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್.

ಕಾಲದ ಮುದ್ರೆ: ಈಗಿನದೋ ಹಿಂದಿನದೋ ಅಂತ ತೋರಿಸುವ ಗುರುತು. ವೆಂಟ್ ಅನ್ನುವುದು ಗೋ ಮೇಲೆ ಭೂತಕಾಲದ ಮುದ್ರೆ ಬಿದ್ದ ರೂಪ. ಗೋಸ್ ಅನ್ನುವುದು ವರ್ತಮಾನದ ಮುದ್ರೆ ಬಿದ್ದ ರೂಪ. ಈ ಮುದ್ರೆ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ, ನೆನಪಿಡಿ.

ಹಂತ 1: ಸಾಲನ್ನು ಗುರುತಿಸಿ

"ದಿ ಹೌಸ್ ಮಸ್ಟ್ ಹ್ಯಾವ್ ಬೀನ್ ಸೋಲ್ಡ್" ಅನ್ನುವ ವಾಕ್ಯ ತೆಗೆದುಕೊಳ್ಳಿ. ಕರ್ತೃ ಆದ ಮೇಲೆ ನಾಲ್ಕು ಪದಗಳ ಸಾಲಿದೆ. ಮೊದಲು ಮೋಡಲ್, ಆಮೇಲೆ ಹ್ಯಾವ್, ಆಮೇಲೆ ಬೀ, ಕೊನೆಗೆ ಮುಖ್ಯ ಕ್ರಿಯಾಪದ. ಕೆಲವು ಸ್ಥಾನ ಖಾಲಿ ಇರಬಹುದು, ಆದರೆ ಈ ಕ್ರಮ ತಪ್ಪುವುದಿಲ್ಲ.

ಕಷ್ಟ ಅನ್ನಿಸಿದರೆ ಇದನ್ನೇ ಕನ್ನಡದಲ್ಲಿ ಹೇಳಿ: "ಮನೆ ಮಾರಲ್ಪಟ್ಟಿರಬೇಕು." ಈಗ ಆ ಒಂದು ಪದವನ್ನು ಬಿಡಿಸಿ. ಮಾರು, ಅಲ್ಪಟ್ಟು, ಇರ, ಬೇಕು. ಸೋಲ್ಡ್‌ಗೆ ಮಾರು, ಬೀನ್‌ಗೆ ಅಲ್ಪಟ್ಟು, ಹ್ಯಾವ್‌ಗೆ ಇರು, ಮಸ್ಟ್‌ಗೆ ಬೇಕು. ಅದೇ ನಾಲ್ಕು ತುಂಡು, ಕನ್ನಡಿಯಲ್ಲಿ ನೋಡಿದ ಹಾಗೆ ತಿರುವುಮುರುವು! ಕನ್ನಡಕ್ಕೆ ಕ್ರಿಯಾಪದವನ್ನು ವಾಕ್ಯದ ಕೊನೆಗಿಟ್ಟು ಮಿಕ್ಕಿದ್ದನ್ನು ಅದರ ಹಿಂದೆ ಅಂಟಿಸುವ ಅಭ್ಯಾಸ. ಇಂಗ್ಲಿಷ್ ಅದನ್ನೆಲ್ಲ ಮುಂದೆ, ಬಿಡಿಬಿಡಿಯಾಗಿ ಇಡುತ್ತದೆ. ಅಂಟಿದ್ದು ಓಡಾಡುವುದಿಲ್ಲ. ಬಿಡಿಯಾಗಿದ್ದು ಓಡಾಡಬಲ್ಲದು.

ಮುದ್ರೆ ಬೀಳುವ ಜಾಗವೂ ಹೀಗೇ ತಿರುಗುತ್ತದೆ. "ಓದುತ್ತಿದ್ದಾಳೆ, ಓದುತ್ತಿದ್ದಳು" ಅನ್ನುವಾಗ ಬದಲಾಗುವುದು ಕೊನೆಯ ತುಂಡು. "ಈಸ್ ರೀಡಿಂಗ್, ವಾಸ್ ರೀಡಿಂಗ್" ಅನ್ನುವಾಗ ಬದಲಾಗುವುದು ಮೊದಲ ತುಂಡು. ಮೊದಲನೆಯದರ ಮೇಲೆ ಮುದ್ರೆ, ಉಳಿದವಕ್ಕೆ ಇಲ್ಲ. ಒಂದು ವಾಕ್ಯಕ್ಕೆ ಒಂದೇ ಮುದ್ರೆ.

ಹಾಗಾದರೆ ಉಳಿದವುಗಳ ರೂಪ ಯಾರು ತೀರ್ಮಾನ ಮಾಡುತ್ತಾರೆ? ಪ್ರತಿಯೊಂದಕ್ಕೂ ಅದಕ್ಕಿಂತ ಮೊದಲು ಬಂದದ್ದು. ಮೋಡಲ್ ಆದ ಮೇಲೆ ಬರಿಯ ರೂಪ. ಹ್ಯಾವ್ ಆದ ಮೇಲೆ ಬೀನ್, ಗಾನ್, ರಿಟನ್ ತರಹದ ಮೂರನೇ ರೂಪ. ಬೀ ಆದ ಮೇಲೆ ಇಂಗ್ ಇರುವ ರೂಪ, ಕರ್ಮಣಿ ಪ್ರಯೋಗವಾದರೆ ಮೂರನೇ ರೂಪ.

ಎಚ್ಚರಿಕೆ: ಎರಡು ಮೋಡಲ್ ಒಟ್ಟಿಗೆ ಇಡಬೇಡಿ. "ಐ ವಿಲ್ ಕ್ಯಾನ್ ಕಮ್" ಆಗುವುದಿಲ್ಲ, "ಐ ವಿಲ್ ಬೀ ಏಬಲ್ ಟು ಕಮ್" ಅನ್ನಬೇಕು. ಅಮೆರಿಕದ ದಕ್ಷಿಣ ಭಾಗದಲ್ಲಿ "ಮೈಟ್ ಕುಡ್" ಅನ್ನುವವರಿದ್ದಾರೆ. ಅದು ಅವರ ಆಡುಮಾತು. ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ.

ಹಂತ 2: ಪ್ರಶ್ನೆಗೆ ಮೊದಲನೆಯದನ್ನು ದಾಟಿಸಿ

ಕರ್ತೃವಿನ ಮುಂದೆ ಒಂದು ಖಾಲಿ ಜಾಗ ಇದೆ ಅಂದುಕೊಳ್ಳಿ. ಅಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಪ್ರಶ್ನೆ ಕೇಳಬೇಕಾದಾಗ ಸಾಲಿನ ಮೊದಲ ಸಹಾಯಕ ಕರ್ತೃವನ್ನು ದಾಟಿ ಅಲ್ಲಿಗೆ ಹೋಗುತ್ತದೆ.

"ಶೀ ಹ್ಯಾಸ್ ಬೀನ್ ರೀಡಿಂಗ್" ಇದ್ದದ್ದು "ಹ್ಯಾಸ್ ಶೀ ಬೀನ್ ರೀಡಿಂಗ್?" ಆಗುತ್ತದೆ. "ಹ್ಯಾಸ್ ಬೀನ್ ಶೀ ರೀಡಿಂಗ್" ಆಗುವುದಿಲ್ಲ. ಒಬ್ಬರಿಗೇ ಜಾಗ ಅಂತ ಹೇಳಿದೆನಲ್ಲ.

ಪ್ರಶ್ನೆಪದ ಇದ್ದರೆ ಎರಡು ಚಲನೆ ಆಗಬೇಕು. "ಯು ಆರ್ ಡೂಯಿಂಗ್" ಏನನ್ನೋ. ಆ ಏನು, ಅಂದರೆ ವಾಟ್, ಆ ಖಾಲಿ ಜಾಗಕ್ಕೂ ಮುಂಚೆ, ವಾಕ್ಯದ ಆರಂಭಕ್ಕೆ ಬರುತ್ತದೆ. ಅದರ ಹಿಂದೆಯೇ ಆರ್ ಕೂಡ ಕರ್ತೃವನ್ನು ದಾಟಬೇಕು: "ವಾಟ್ ಆರ್ ಯು ಡೂಯಿಂಗ್?" ನಮ್ಮಲ್ಲಿ ಜಾಸ್ತಿ ಕೇಳಿಬರುವ "ವಾಟ್ ಯು ಆರ್ ಡೂಯಿಂಗ್?" ಅರ್ಧ ಕೆಲಸ ಮಾಡಿ ನಿಂತ ವಾಕ್ಯ. ಅದು ಯಾಕೆ ಬಾಯಿಗೆ ಬರುತ್ತದೆ ಅನ್ನುವುದೂ ಗೊತ್ತಿರುವುದೇ. "ನೀನು ಏನು ಮಾಡ್ತಿದ್ದೀಯ" ಅನ್ನುವಾಗ ಕನ್ನಡದಲ್ಲಿ ಏನೂ ಕದಲುವುದಿಲ್ಲ. ಏನು ಅನ್ನುವ ಪದ ಕರ್ಮದ ಜಾಗದಲ್ಲೇ ಕೂತಿರುತ್ತದೆ. ವಾಟ್ ಮುಂದೆ ಬರಬೇಕು ಅಂತ ಕಲಿತೆವು, ಜೊತೆಗೆ ಇನ್ನೊಬ್ಬರೂ ಬರಬೇಕು ಅನ್ನುವುದು ಮರೆತುಹೋಯಿತು, ಅಷ್ಟೇ.

ಇನ್ನೊಂದು ಗುಂಡಿ ಕರ್ತೃ ಉದ್ದವಾದಾಗ ಸಿಗುತ್ತದೆ. "ದಿ ಬಾಯ್ ಹೂ ಈಸ್ ಸ್ಲೀಪಿಂಗ್ ವಿಲ್ ಮಿಸ್ ದಿ ಟ್ರೈನ್." ಇದನ್ನು ಪ್ರಶ್ನೆ ಮಾಡಿ. ಎಡದಿಂದ ಓದುತ್ತಾ ಹೋದರೆ ಮೊದಲು ಸಿಗುವ ಸಹಾಯಕ ಈಸ್. ಅದನ್ನು ಎತ್ತಿದರೆ "ಈಸ್ ದಿ ಬಾಯ್ ಹೂ ಸ್ಲೀಪಿಂಗ್ ವಿಲ್ ಮಿಸ್ ದಿ ಟ್ರೈನ್" ಅನ್ನುವ ಅಯೋಮಯ ಬರುತ್ತದೆ. ಈಸ್ ಇರುವುದು ಕರ್ತೃವಿನ ಹೊಟ್ಟೆಯೊಳಗೆ. ನಮಗೆ ಬೇಕಾದದ್ದು ಕರ್ತೃ ಮುಗಿದ ಮೇಲೆ ಬರುವ ಮೊದಲ ಸಹಾಯಕ, ಅಂದರೆ ವಿಲ್: "ವಿಲ್ ದಿ ಬಾಯ್ ಹೂ ಈಸ್ ಸ್ಲೀಪಿಂಗ್ ಮಿಸ್ ದಿ ಟ್ರೈನ್?"

ಅನುಮಾನ ಬಂದಾಗ ಒಂದು ಉಪಾಯ ಮಾಡಿ. ಇಡೀ ಕರ್ತೃವನ್ನು ತೆಗೆದು ಹೀ, ಶೀ, ಇಟ್, ದೇ ಇವುಗಳಲ್ಲಿ ಒಂದನ್ನು ಹಾಕಿ. "ಹೀ ವಿಲ್ ಮಿಸ್ ದಿ ಟ್ರೈನ್." ಈಗ ಯಾವುದು ಏಳಬೇಕು ಅಂತ ಸುಮ್ನೆ ಕಾಣುತ್ತದೆ.

ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿ ಇಂಥ ವಾಕ್ಯಗಳನ್ನೇ ಹಿಡಿದು ದೊಡ್ಡ ವಾದ ಹೂಡಿದರು. ವ್ಯಾಕರಣ ಪದಗಳನ್ನು ಎಣಿಸುವುದಿಲ್ಲ, ಗುಂಪುಗಳನ್ನು ನೋಡುತ್ತದೆ. ಮಕ್ಕಳಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿರುತ್ತದೆ ಅಂತ. 1987ರಲ್ಲಿ ಸಂಶೋಧಕರಾದ ಸ್ಟೀಫನ್ ಕ್ರೇನ್ ಮತ್ತು ಮಿನೆಹರು ನಾಕಾಯಾಮಾ ಮೂರರಿಂದ ಐದು ವರ್ಷದ ಮಕ್ಕಳಿಂದ ಇಂಥ ಪ್ರಶ್ನೆ ಕೇಳಿಸಿ ನೋಡಿದರು. ಮಕ್ಕಳು ತಪ್ಪು ಮಾಡಿದರು. ಮುಂದೊಂದು ಈಸ್, ಇದ್ದ ಜಾಗದಲ್ಲೂ ಒಂದು ಈಸ್ ಅಂತ ಎರಡೆರಡು ಹೇಳಿದರು. ಆದರೆ ಕರ್ತೃವಿನ ಹೊಟ್ಟೆಯಿಂದ ಈಸ್ ಕಿತ್ತ ಮಗು ಒಂದೂ ಇರಲಿಲ್ಲ. ಆ ಎರಡೆರಡು ಹೇಳುವ ತಪ್ಪನ್ನು ದೊಡ್ಡವರೂ ಮಾಡುತ್ತೇವೆ. ದಾಟಿ ಹೋದದ್ದು ಹಿಂದೆ ಏನನ್ನೂ ಬಿಟ್ಟುಹೋಗಬಾರದು.

ಹಂತ 3: ಸಹಾಯಕ ಇಲ್ಲದಿದ್ದರೆ ಡು ಕರೆಸಿ

ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನವಾಗಿ ಹೋಗೋಣ.

"ಶೀ ರೋಟ್ ಎ ಲೆಟರ್." ಇಲ್ಲಿ ಸಹಾಯಕ ಇಲ್ಲ. ರೋಟ್ ಮುಖ್ಯ ಕ್ರಿಯಾಪದ, ಅದು ಏಳುವುದಿಲ್ಲ. "ರೋಟ್ ಶೀ ಎ ಲೆಟರ್" ಆಗುವುದಿಲ್ಲ. ಹಾಗಾದರೆ ದಾಟುವುದು ಯಾರು?

ರೋಟ್ ಅನ್ನು ಸಿಪ್ಪೆ ಸುಲಿಯಿರಿ. ಒಳಗೆ ರೈಟ್ ಇದೆ, ಮೇಲೆ ಭೂತಕಾಲದ ಮುದ್ರೆ ಇದೆ. ಮುಂದಿನ ಜಾಗಕ್ಕೆ ಹೋಗಬೇಕಾದದ್ದು ಆ ಮುದ್ರೆ. ಆದರೆ ಮುದ್ರೆ ಒಂದೇ ಹೋಗಿ ನಿಲ್ಲಲಾರದು, ಅದು ಯಾವುದಾದರೂ ಪದದ ಮೇಲೆ ಕೂರಲೇಬೇಕು. ಅದನ್ನು ಹೊರಲು ಡು ಬರುತ್ತದೆ. ಡು ಮೇಲೆ ಭೂತಕಾಲದ ಮುದ್ರೆ ಬಿದ್ದರೆ ಡಿಡ್. ಸುಲಿದ ರೈಟ್ ತನ್ನ ಜಾಗದಲ್ಲೇ ಬರಿಮೈಯಲ್ಲಿ ಉಳಿಯುತ್ತದೆ: "ಡಿಡ್ ಶೀ ರೈಟ್ ಎ ಲೆಟರ್?"

"ಡಿಡ್ ಶೀ ರೋಟ್" ಅಂದರೆ ಒಂದೇ ಮುದ್ರೆಯನ್ನು ಎರಡು ಕಡೆ ಒತ್ತಿದಂತೆ. "ಡಿಡ್ ಯು ವೆಂಟ್" ತಪ್ಪಾಗುವುದೂ ಇದಕ್ಕೇ. ಸ್ ಮುದ್ರೆಗೂ ಇದೇ ಲೆಕ್ಕ. "ಶೀ ರೈಟ್ಸ್" ಇಂದ ಸ್ ಕಿತ್ತು ಡು ಮೇಲೆ ಹಾಕಿದರೆ ಡಸ್. "ಡಸ್ ಶೀ ರೈಟ್?" ಸ್ ಅಲ್ಲಿಗೆ ಹೋಯಿತು, ರೈಟ್ ಮೇಲೆ ಉಳಿದಿಲ್ಲ. "ದೇ ರೈಟ್" ಅನ್ನುವಾಗ ಮುದ್ರೆ ಕಣ್ಣಿಗೆ ಕಾಣುವುದಿಲ್ಲ, ಆದರೂ ಇದೆ. ಅದಕ್ಕೇ "ಡು ದೇ ರೈಟ್?"

ಮುದ್ರೆಯನ್ನು ಕ್ರಿಯಾಪದದಿಂದ ಬೇರೆ ಮಾಡಿ ನೋಡುವ ಈ ದಾರಿಯನ್ನು 1957ರಲ್ಲಿ ಚಾಮ್‌ಸ್ಕಿಯೇ ತೋರಿಸಿದ್ದು. ಅಲ್ಲಿಯವರೆಗೆ ಡಿಡ್ ಒಂದು ವಿಚಿತ್ರ ಅಪವಾದದಂತೆ ಕಾಣುತ್ತಿತ್ತು. ಮುದ್ರೆಯನ್ನು ಬಿಡಿಯಾಗಿ ನೋಡಿದರೆ ಈಸ್, ವಿಲ್, ಡಿಡ್ ಎಲ್ಲವೂ ಒಂದೇ ಕೆಲಸ ಮಾಡುತ್ತಿವೆ.

ಎಚ್ಚರಿಕೆಗಳು ಇಲ್ಲಿ ಎರಡು ಮೂರಿವೆ. ಸಹಾಯಕ ಇದ್ದಾಗ ಡು ಕರೆಸಬೇಡಿ. "ಡು ಯು ಕ್ಯಾನ್ ಸ್ವಿಮ್" ತಪ್ಪು, ಕ್ಯಾನ್ ತಾನೇ ಹೋಗಬಲ್ಲದು. ಡು ಮುಖ್ಯ ಕ್ರಿಯಾಪದವೂ ಹೌದು. "ವಾಟ್ ಡಿಡ್ ಯು ಡು?" ಅನ್ನುವಲ್ಲಿ ಮೊದಲನೆಯದು ಮುದ್ರೆ ಹೊರುವ ಆಳು, ಎರಡನೆಯದು ಮಾಡು ಅನ್ನುವ ಅರ್ಥದ್ದು. ಎರಡನ್ನೂ ನೋಡಿ ಗಾಬರಿ ಬೇಡ. ಇನ್ನು, ಮಾಮೂಲಿ ಹೇಳಿಕೆಯಲ್ಲಿ "ಐ ಡಿಡ್ ಗೋ ದೇರ್" ಅನ್ನಬೇಡಿ. ತಪ್ಪಲ್ಲ, ಆದರೆ ಅದಕ್ಕೆ "ಹೋಗಿದ್ದೆ ಕಣ್ರೀ, ನಿಜವಾಗ್ಲೂ" ಅನ್ನುವ ಒತ್ತು ಬರುತ್ತದೆ. ಯಾರಾದರೂ ನೀವು ಹೋಗಲೇ ಇಲ್ಲ ಅಂತ ವಾದಿಸಿದರೆ ಆಗ ಬಳಸಿ.

ಹಂತ 4: ನಾಟ್ ಇಡುವ ಜಾಗ

ಮೊದಲ ಸಹಾಯಕದ ಹಿಂದೆಯೇ ನಾಟ್. "ಶೀ ಹ್ಯಾಸ್ ನಾಟ್ ಬೀನ್ ರೀಡಿಂಗ್." ಸಹಾಯಕ ಇಲ್ಲದಿದ್ದರೆ ಮತ್ತೆ ಡು: "ಶೀ ಡಿಡ್ ನಾಟ್ ರೈಟ್." ಮುದ್ರೆಗೂ ಕ್ರಿಯಾಪದಕ್ಕೂ ನಡುವೆ ನಾಟ್ ಅಡ್ಡ ನಿಂತಿದೆ, ಮುದ್ರೆ ಕ್ರಿಯಾಪದವನ್ನು ತಲುಪಲಾರದು, ಆಳು ಬೇಕೇ ಬೇಕು.

ನಾಟ್ ಕುಗ್ಗಿ ಅಂಟಿಕೊಂಡರೆ ಸಹಾಯಕದ ಜೊತೆಗೇ ಸವಾರಿ ಮಾಡುತ್ತದೆ: "ಡಿಡಂಟ್ ಶೀ ಕಮ್?" ಬಿಡಿಯಾಗಿದ್ದರೆ ಹಿಂದೆಯೇ ಉಳಿಯುತ್ತದೆ: "ಡಿಡ್ ಶೀ ನಾಟ್ ಕಮ್?" ಎರಡನ್ನೂ ಬೆರೆಸಿ "ಡಿಡ್ ನಾಟ್ ಶೀ ಕಮ್" ಅನ್ನುವುದು ಇಂದಿನ ಇಂಗ್ಲಿಷ್‌ನಲ್ಲಿ ಕಿವಿಗೆ ಹೊಡೆಯುತ್ತದೆ.

ನಮ್ಮ ಅಲ್ವಾಗೆ ಸಮನಾದ ಪುಟ್ಟ ಪ್ರಶ್ನೆಯೂ ಇದೇ ಯಂತ್ರದಿಂದ ಬರುತ್ತದೆ. ಅಲ್ವಾ ಎಲ್ಲ ವಾಕ್ಯಕ್ಕೂ ಒಂದೇ. ಎಷ್ಟು ಸುಖ! ಇಂಗ್ಲಿಷ್‌ನಲ್ಲಿ ವಾಕ್ಯದ ಮೊದಲ ಸಹಾಯಕವನ್ನೇ ಮತ್ತೆ ತರಬೇಕು. "ಶೀ ಕ್ಯಾನ್ ಸಿಂಗ್, ಕಾಂಟ್ ಶೀ?" "ಶೀ ಸ್ಯಾಂಗ್, ಡಿಡಂಟ್ ಶೀ?" ಎಲ್ಲದಕ್ಕೂ "ಇಸಂಟ್ ಇಟ್" ಅಂಟಿಸುವುದು ಅಲ್ವಾ ಇಂದ ಬಂದ ಚಾಳಿ. ಆಡುವಾಗ ಪರವಾಗಿಲ್ಲ, ಬರೆಯುವಾಗ ಬೇಡ. "ಐ ಆಮ್ ಲೇಟ್" ಮಾತ್ರ "ಆರಂಟ್ ಐ?" ಆಗುತ್ತದೆ. ಅದನ್ನು ಹಾಗೇ ನುಂಗಿಕೊಳ್ಳಿ.

ಹಂತ 5: ಬೀ ಮತ್ತು ಹ್ಯಾವ್ ವಿಷಯದಲ್ಲಿ ಹುಷಾರು

ಮುಖ್ಯ ಕ್ರಿಯಾಪದ ಏಳುವುದಿಲ್ಲ ಅಂದೆ. ಬೀ ಒಂದಕ್ಕೆ ಈ ಮಾತು ಅನ್ವಯಿಸುವುದಿಲ್ಲ. "ಶೀ ಈಸ್ ಎ ಡಾಕ್ಟರ್" ಅನ್ನುವಲ್ಲಿ ಈಸ್ ಒಂಟಿಯಾಗಿದೆ, ಆದರೂ ಏಳುತ್ತದೆ: "ಈಸ್ ಶೀ ಎ ಡಾಕ್ಟರ್?" ಆದರೆ ಬೇಡ ಅಂತ ಹೇಳುವಾಗ ಬೀಗೂ ಡು ಬೇಕು: "ಡೋಂಟ್ ಬೀ ಲೇಟ್."

ಹ್ಯಾವ್ ಸಹಾಯಕವಾದರೆ ಏಳುತ್ತದೆ. ಇದೆ ಅನ್ನುವ ಅರ್ಥದಲ್ಲಿ ಬಂದರೆ ಡು ಕರೆಸಿ: "ಡಸ್ ಶೀ ಹ್ಯಾವ್ ಎ ಕಾರ್?" ಹಳೆಯ ಬ್ರಿಟಿಷ್ ಬರವಣಿಗೆಯಲ್ಲಿ "ಹ್ಯಾಸ್ ಶೀ ಎ ಕಾರ್?" ಸಿಗುತ್ತದೆ. ಓದಿ ಅರ್ಥ ಮಾಡಿಕೊಳ್ಳಿ, ಅನುಕರಿಸಬೇಡಿ.

ಹಂತ 6: ಆಫನ್, ಆಲ್ವೇಸ್, ನೆವರ್ ಎಲ್ಲಿ?

ನಾಟ್ ಜಾಗ ಗೊತ್ತಿದ್ದರೆ ಇದೂ ಗೊತ್ತಾದಂತೆಯೇ. ಮೊದಲ ಸಹಾಯಕ ಆದ ಮೇಲೆ, ಮುಖ್ಯ ಕ್ರಿಯಾಪದಕ್ಕಿಂತ ಮುಂಚೆ. "ಶೀ ಹ್ಯಾಸ್ ಆಫನ್ ರೆಡ್ ನಾವೆಲ್ಸ್." "ಶೀ ಆಫನ್ ರೀಡ್ಸ್ ನಾವೆಲ್ಸ್." ಬೀ ಇಲ್ಲೂ ಸಹಾಯಕದ ಹಾಗೇ ನಡೆದುಕೊಳ್ಳುತ್ತದೆ: "ಶೀ ಈಸ್ ಆಫನ್ ಲೇಟ್." "ಶೀ ರೀಡ್ಸ್ ಆಫನ್ ನಾವೆಲ್ಸ್" ಅನ್ನಬೇಡಿ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಇಂಥ ಪದವನ್ನು ತುರುಕಲು ಇಂಗ್ಲಿಷ್ ಬಿಡುವುದಿಲ್ಲ.

ಫ್ರೆಂಚ್ ಕಲಿತವರು ಇಲ್ಲಿ ತಡವರಿಸುತ್ತಾರೆ. ಫ್ರೆಂಚ್‌ನಲ್ಲಿ "ಓದುತ್ತಾಳೆ ಆಗಾಗ ಕಾದಂಬರಿ" ಅನ್ನುವ ಕ್ರಮವೇ ಸರಿ. ಅಲ್ಲಿ ಮುಖ್ಯ ಕ್ರಿಯಾಪದವೂ ಎದ್ದು ಮುಂದೆ ಹೋಗುತ್ತದೆ. 1989ರಲ್ಲಿ ಭಾಷಾಶಾಸ್ತ್ರಜ್ಞ ಜಾಂ ಈವ್ ಪೊಲಾಕ್ ಈ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಬರೆದ ಲೇಖನ ಈ ವಿಷಯದಲ್ಲಿ ಹೆಸರುವಾಸಿ. ಇಂಗ್ಲಿಷ್ ಕೂಡ ಒಂದು ಕಾಲಕ್ಕೆ ಹಾಗೇ ಇತ್ತು. "ಐ ನೋ ನಾಟ್", "ಕೇಮ್ ಶೀ?" ಅನ್ನುತ್ತಿದ್ದರು. 16ನೇ ಶತಮಾನದಲ್ಲಿ ಡು ಜೋರಾಗಿ ಹಬ್ಬಿ ಮುಖ್ಯ ಕ್ರಿಯಾಪದವನ್ನು ಕೂರಿಸಿಬಿಟ್ಟಿತು. ಹಳೆಯ ನಾಟಕ, ಪದ್ಯ ಓದುವಾಗ ಡು ಕಾಣದಿದ್ದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ.

ಹಂತ 7: ಯಾರು, ಯಾರನ್ನು?

"ಹೂ ಕೇಮ್?" ಅನ್ನುವಾಗ ಹೂ ತಾನೇ ಕರ್ತೃ. ಸಹಾಯಕ ದಾಟಬೇಕಾದ ಕರ್ತೃ ನಡುವೆ ಯಾರೂ ಇಲ್ಲ. ದಾಟುವುದೇ ಇಲ್ಲದ ಮೇಲೆ ಮುದ್ರೆಗೆ ಆಳು ಯಾಕೆ? ಅದು ಕೇಮ್ ಮೇಲೆಯೇ ಕೂರುತ್ತದೆ. "ಹೂ ಡಿಡ್ ಯು ಸೀ?" ಅನ್ನುವಾಗ ಕರ್ತೃ ಯು, ಹಾಗಾಗಿ ಡಿಡ್ ಬೇಕು.

ಗೊಂದಲವಾದರೆ ಕನ್ನಡದಲ್ಲಿ ಕೇಳಿಕೊಳ್ಳಿ. ಯಾರು ಅಂತ ಬಂದರೆ ಡಿಡ್ ಬೇಡ. ಯಾರನ್ನು ಅಂತ ಬಂದರೆ ಡಿಡ್ ಬೇಕು. ಈ ವಿಭಕ್ತಿ ಪ್ರತ್ಯಯದ ಸಹಾಯ ಇಂಗ್ಲಿಷರಿಗೆ ಅಷ್ಟಾಗಿ ಇಲ್ಲ, ನಮಗಿದೆ. ನಾಟ್ ಬಂದರೆ ಮಾತ್ರ ಡಿಡ್ ವಾಪಸ್: "ಹೂ ಡಿಡಂಟ್ ಕಮ್?" ಅದು ಹಂತ 4ರ ಕಾರಣಕ್ಕೆ.

ಹಂತ 8: ವಾಕ್ಯದೊಳಗಿನ ಪ್ರಶ್ನೆಯಲ್ಲಿ ಯಾರೂ ಏಳುವುದಿಲ್ಲ

"ಐ ಡೋಂಟ್ ನೋ ವೇರ್ ಹೀ ಈಸ್." "ಟೆಲ್ ಮಿ ವಾಟ್ ಶೀ ರೋಟ್." ಒಳಗಿನ ವಾಕ್ಯ ಯಾರನ್ನೂ ಏನನ್ನೂ ಕೇಳುತ್ತಿಲ್ಲ, ಆದ್ದರಿಂದ ದಾಟುವಿಕೆ ಇಲ್ಲ, ಡು ಕೂಡ ಇಲ್ಲ. ಪ್ರಶ್ನೆಪದ ಮಾತ್ರ ಮುಂದೆ ಬರುತ್ತದೆ.

ಇದಕ್ಕೂ ಕನ್ನಡದಲ್ಲಿ ಒಂದು ಅಳತೆಗೋಲಿದೆ. ನೇರ ಪ್ರಶ್ನೆಗೆ ನಾವು ಆ ಹಚ್ಚುತ್ತೇವೆ: "ಬಂದಳಾ?" ಒಳಗಿನ ಪ್ರಶ್ನೆಗೆ ಓ ಹಚ್ಚುತ್ತೇವೆ: "ಬಂದಳೋ ಇಲ್ಲವೋ ಗೊತ್ತಿಲ್ಲ", "ಎಲ್ಲಿದ್ದಾನೋ ಗೊತ್ತಿಲ್ಲ." ನಿಮ್ಮ ಮನಸ್ಸಿನ ಕನ್ನಡ ವಾಕ್ಯದಲ್ಲಿ ಓ ಬಂದರೆ, ಅಥವಾ "ಎಲ್ಲಿದ್ದಾನೆ ಅಂತ ಹೇಳು" ಅನ್ನುವ ಹಾಗೆ "ಅಂತ" ಅನ್ನುವ ಪದ ಬಂದರೆ, ಇಂಗ್ಲಿಷ್‌ನಲ್ಲಿ ಏನನ್ನೂ ದಾಟಿಸಬೇಡಿ. ಹೌದು-ಇಲ್ಲ ಪ್ರಶ್ನೆಯಾದರೆ ಮುಂದಿನ ಜಾಗದಲ್ಲಿ ವೆದರ್ ಅಥವಾ ಇಫ್ ಬರುತ್ತದೆ: "ಐ ಡೋಂಟ್ ನೋ ಇಫ್ ಶೀ ಕೇಮ್." ಐರ್ಲೆಂಡಿನ ಇಂಗ್ಲಿಷ್‌ನಲ್ಲಿ "ಶೀ ಆಸ್ಕ್ಡ್ ಮಿ ವಾಸ್ ಐ ರೆಡಿ" ಅನ್ನುವ ರೂಢಿ ಇದೆ. ಅದನ್ನು ಕೇಳಿ ನಿಯಮ ಸಡಿಲವಾಯಿತು ಅಂದುಕೊಳ್ಳಬೇಡಿ.

ಜಾನ್ ಎಫ್. ಕೆನಡಿ 1961ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರಾಗಿ ಮಾಡಿದ ಮೊದಲ ಭಾಷಣದ ಸಾಲು ಕೇಳಿರುತ್ತೀರಿ: "ಆಸ್ಕ್ ನಾಟ್ ವಾಟ್ ಯುವರ್ ಕಂಟ್ರಿ ಕ್ಯಾನ್ ಡು ಫಾರ್ ಯು." ಮೊದಲ ಅರ್ಧದಲ್ಲಿ ಆಸ್ಕ್ ನಾಟ್ ಅಂತ ಡು ಇಲ್ಲದ ಹಳೆಯ ಇಂಗ್ಲಿಷ್. ಮಾಮೂಲಿಯಾಗಿ ಡೋಂಟ್ ಆಸ್ಕ್ ಅನ್ನಬೇಕಿತ್ತು. ಎರಡನೇ ಅರ್ಧದಲ್ಲಿ ಕ್ಯಾನ್ ಕದಲದೆ ಕರ್ತೃವಿನ ಹಿಂದೆಯೇ ಕೂತಿದೆ, ಯಾಕೆಂದರೆ ಅದು ಒಳಗಿನ ಪ್ರಶ್ನೆ.

ಹಂತ 9: ಪ್ರಶ್ನೆಯಲ್ಲದಿದ್ದರೂ ದಾಟುವ ಸಂದರ್ಭ

ನೆವರ್, ಸೆಲ್ಡಮ್, ಓನ್ಲಿ ದೆನ್ ತರಹದ ಪದಗಳನ್ನು ಒತ್ತು ಕೊಟ್ಟು ವಾಕ್ಯದ ಆರಂಭಕ್ಕೆ ತಂದರೆ ಸಹಾಯಕ ಅದರ ಹಿಂದೆಯೇ ಬರುತ್ತದೆ. "ನೆವರ್ ಹ್ಯಾವ್ ಐ ಸೀನ್ ದಿಸ್." "ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್." ನಾನೂ ಅಷ್ಟೇ ಅನ್ನಲು "ಸೋ ಡು ಐ" ಅನ್ನುವುದೂ ಇದೇ ಜಾತಿಯದು. ಬರವಣಿಗೆಯಲ್ಲಿ ಅಪರೂಪಕ್ಕೆ ಬಳಸಿ, ಜಾಸ್ತಿಯಾದರೆ ಭಾಷಣದ ವಾಸನೆ ಹೊಡೆಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. "ಇಫ್ ಐ ಹ್ಯಾಡ್ ನೋನ್" ಅನ್ನುವುದನ್ನೇ "ಹ್ಯಾಡ್ ಐ ನೋನ್" ಅಂತಲೂ ಹೇಳಬಹುದು. ಕರ್ತೃವಿನ ಮುಂದೆ ಒಬ್ಬರಿಗೆ ಮಾತ್ರ ಜಾಗ ಅಂತ ಹಂತ 2ರಲ್ಲಿ ಹೇಳಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಇಫ್ ಕೂತಿದ್ದರೆ ಹ್ಯಾಡ್ ತನ್ನ ಜಾಗದಲ್ಲೇ ಇರುತ್ತದೆ. ಇಫ್ ಎದ್ದು ಹೋದರೆ ಹ್ಯಾಡ್ ಹೋಗಿ ಅಲ್ಲಿ ಕೂರುತ್ತದೆ. ಇಬ್ಬರೂ ಒಟ್ಟಿಗೆ ಕೂರುವಂತಿಲ್ಲ: "ಇಫ್ ಹ್ಯಾಡ್ ಐ ನೋನ್" ತಪ್ಪು.

ಈ ಸೌಲಭ್ಯ ಇಂದು ಹ್ಯಾಡ್, ವರ್, ಶುಡ್ ಮೂರಕ್ಕೆ ಮಾತ್ರ. "ವರ್ ಐ ಇನ್ ಯುವರ್ ಪ್ಲೇಸ್", "ಶುಡ್ ಯು ನೀಡ್ ಹೆಲ್ಪ್" ಹೀಗೆ. ಇಲ್ಲಿ ಕುಗ್ಗಿದ ನಾಟ್‌ಗೆ ಸವಾರಿ ಇಲ್ಲ. "ಹ್ಯಾಡಂಟ್ ಐ ನೋನ್" ಅಂತ ಬರೆದರೆ ಅದು ಪ್ರಶ್ನೆಯಾಗಿ ಓದಿಸಿಕೊಳ್ಳುತ್ತದೆ. "ಹ್ಯಾಡ್ ಐ ನಾಟ್ ನೋನ್" ಅಂತಲೇ ಬರೆಯಿರಿ.